ಪೂಲಿನ ಕೆಳಗಿನ ಟೊಳ್ಳು

ಅಷ್ಟು ಹೊತ್ತಿಗೆ ಸಣ್ಣ ಊರುಗಳ ರಸ್ತೆಗಳಿಗೂ ಕಿವಿ ಬಂದಿತ್ತು. ಡಾಂಬರಿನ ಕೆಳಗೆ, ಒಂದು ಮೊಳ ಆಳದಲ್ಲಿ, ಕೂದಲಿಗಿಂತ ತುಸು ದಪ್ಪನೆಯ ಗಾಜಿನ ಎಳೆಯೊಂದನ್ನು ಹೂತಿದ್ದರು. ಎಳೆಯ ಒಂದು ತುದಿಯಿಂದ ಬೆಳಕನ್ನು ಬಿಡುತ್ತಾರೆ. ಮೇಲೆ ಏನು ಹಾದುಹೋದರೂ ನೆಲ ಅದುರುತ್ತದೆ, ನೆಲದ ಜೊತೆ ಎಳೆಯೂ ಅದುರುತ್ತದೆ, ತಿರುಗಿ ಬರುವ ಬೆಳಕು ಆ ಅದುರನ್ನು ಹೊತ್ತು ತರುತ್ತದೆ. ಹೋದದ್ದು ಸೈಕಲ್ಲೋ ಲಾರಿಯೋ, ಎಷ್ಟು ಭಾರದ್ದು, ಎಲ್ಲ ತಿಳಿಯುತ್ತಿತ್ತು. ನೆಲದೊಳಗೆ ಮಣ್ಣು ಕೊಚ್ಚಿಹೋಗಿ ಎಲ್ಲಾದರೂ ಟೊಳ್ಳಾಗಿದ್ದರೆ ಅಲ್ಲಿಂದ ಬರುವ ಅದುರು ಬೇರೆ ಥರ ಇರುತ್ತಿತ್ತು. ಖಾಲಿ ಕೊಡವನ್ನು ತಟ್ಟಿದ ಹಾಗೆ. ರಸ್ತೆ ಕುಸಿಯುವ ಮೊದಲೇ ಅದು ಕುಸಿಯುತ್ತದೆಂದು ಹೇಳಬಹುದಾಗಿತ್ತು.

ನವಿಲಹಾಳ ಊರಿನ ಎಳೆಗಳೆಲ್ಲ ಬಂದು ಸೇರುತ್ತಿದ್ದುದು ನಗರಸಭೆಯ ಮೇಲ್ಮಹಡಿಯ ಒಂದು ಕೋಣೆಗೆ. ಆ ಕೋಣೆಯ ಹೊಣೆ ಇಂದುಮತಿಯದು. ನಗರಸಭೆಯಲ್ಲಿ ರಸ್ತೆ ವಿಭಾಗದ ಎಂಜಿನಿಯರ್ ಆಗಿ ಹದಿನೈದು ವರ್ಷ ದುಡಿದವಳು. ಜೊತೆಗೆ ಯಂತ್ರ ನೋಡಿಕೊಳ್ಳುವ ಜಿನದತ್ತ ಉಪಾಧ್ಯೆ ಇದ್ದ. ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ಗೋಡೆಯಗಲದ ಪರದೆಯ ಮೇಲೆ ಊರಿನ ರಸ್ತೆಗಳೆಲ್ಲ ಕಾಣುತ್ತಿದ್ದವು. ಪ್ರತಿ ರಸ್ತೆಯ ಪಕ್ಕದಲ್ಲಿ ಒಂದು ಅಂಕ.

ಆ ಅಂಕವೇ ರಸ್ತೆಯ ಹಣೆಬರಹ. ಮೊದಲಾದರೆ ದುರಸ್ತಿಯ ಹಣವನ್ನು ನಗರಸಭೆಯೇ ಹಂಚುತ್ತಿತ್ತು. ಆಗ ಸದಸ್ಯರ ಮನೆ ಮುಂದಿನ ಬೀದಿಗೆ ವರ್ಷವರ್ಷವೂ ಡಾಂಬರು ಬೀಳುತ್ತಿತ್ತು, ಕೇರಿಗಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದನ್ನು ತಪ್ಪಿಸಲೆಂದು ರಸ್ತೆ ನಿಧಿ ಪ್ರಾಧಿಕಾರ ಬಂತು. ಯಾವ ರಸ್ತೆಯಲ್ಲಿ ಎಷ್ಟು ವಾಹನ ಓಡುತ್ತವೆ, ಅದಿಲ್ಲದಿದ್ದರೆ ಜನಕ್ಕೆ ಬೇರೆ ದಾರಿ ಇದೆಯೇ ಎಂದೆಲ್ಲ ಎಳೆಗಳಿಂದಲೇ ತಿಳಿದು, ಯಂತ್ರವೇ ಅಂಕ ಕೊಡುತ್ತಿತ್ತು. ವರ್ಷಕ್ಕೊಮ್ಮೆ, ಹಂಚಿಕೆ ದಿನದಂದು, ನಲವತ್ತು ಮುಟ್ಟಿದ ರಸ್ತೆಗೆ ಪೂರ್ತಿ ದುರಸ್ತಿ. ಕೆಳಗಿರುವುದು ‘ವಿಶ್ರಾಂತ ರಸ್ತೆ’. ಹೆಸರು ಚೆನ್ನಾಗಿತ್ತು. ವಿಶ್ರಾಂತ ರಸ್ತೆಗೆ ತೇಪೆ ಇಲ್ಲ, ದೀಪ ಇಲ್ಲ, ಬಸ್ಸು ಇಲ್ಲ. ಆಂಬುಲೆನ್ಸ್‌ಗೂ ಲಾರಿಗೂ ದಾರಿ ತೋರಿಸುವ ನಕ್ಷೆಯಿಂದ ಅದು ಅಳಿಸಿಹೋಗುತ್ತಿತ್ತು. ನಗರಸಭೆ ತನ್ನ ಸ್ವಂತ ದುಡ್ಡನ್ನು ಅಲ್ಲಿ ಹಾಕಿದರೆ ಉಳಿದ ರಸ್ತೆಗಳ ಅನುದಾನಕ್ಕೂ ಕತ್ತರಿ.

ಈ ಪದ್ಧತಿ ಬಂದಾಗ ಇಂದುಮತಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟಿದ್ದಳು. ಇನ್ನು ಯಾರ ಶಿಫಾರಸೂ ಬೇಕಿಲ್ಲ ಎಂದುಕೊಂಡಿದ್ದಳು.

ಆ ಚಳಿಗಾಲದಲ್ಲಿ ನೇಕಾರ ಪೇಟೆಯ ಹಳ್ಳದ ರಸ್ತೆಯ ಅಂಕ ನಲವತ್ತರಿಂದ ಕೆಳಗಿಳಿಯಿತು.

ಹಳೆಯ ರಸ್ತೆ ಅದು. ಊರಿನಿಂದ ಹೊರಟು, ಕಲ್ಲಿನ ಕಿರುಸೇತುವೆಯ ಮೇಲೆ ಹಳ್ಳ ದಾಟಿ, ನೇಕಾರ ಪೇಟೆಗೆ ಹೋಗುತ್ತದೆ. ಆ ಸೇತುವೆಗೆ ಜನ ‘ಪೂಲು’ ಎನ್ನುತ್ತಾರೆ. ಮೊದಲು ಹೊರ ಊರಿನ ಲಾರಿಗಳೂ ಅಲ್ಲೇ ಹಾಯುತ್ತಿದ್ದವು. ಬೈಪಾಸ್ ಆದಮೇಲೆ ಅವು ಆ ಕಡೆ ಹೋದವು. ಉಳಿದದ್ದು ಪೇಟೆಯವರ ಓಡಾಟ ಮಾತ್ರ. ಈ ರಸ್ತೆ ಇಲ್ಲವಾದರೆ ರೈಲು ಗೇಟು ಸುತ್ತಿ ಹೋಗಬಹುದೆಂದು ಯಂತ್ರ ತಿಳಿದಿತ್ತು. ಗೇಟು ದಿನದಲ್ಲಿ ಅರ್ಧ ಹೊತ್ತು ಮುಚ್ಚಿಯೇ ಇರುತ್ತದೆ ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಇಂದುಮತಿಯ ಅಕ್ಕ ಕಸ್ತೂರಿಯ ಮನೆ ಇದ್ದದ್ದು ಅದೇ ಪೇಟೆಯಲ್ಲಿ, ಪೂಲಿಗೆ ಹತ್ತಿರ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಮಗ್ಗ. ಹಳ್ಳದ ದಂಡೆಯುದ್ದಕ್ಕೂ ಅಂಥ ಶೆಡ್ಡುಗಳೇ. ಕಸ್ತೂರಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಗಂಡ ಬನಶಂಕರಪ್ಪ ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತಿದ್ದ. ಬೆಳಿಗ್ಗೆ ಶಾಲೆ ಮಕ್ಕಳು, ಆಮೇಲೆ ನೂಲಿನ ಗಂಟು, ಸಂಜೆ ಮತ್ತೆ ಮಕ್ಕಳು.

ಒಂದು ಭಾನುವಾರ ಇಂದುಮತಿ ಅಲ್ಲಿಗೆ ಊಟಕ್ಕೆ ಹೋದಾಗ ಬನಶಂಕರಪ್ಪ ಬಟ್ಟಲು ಬದಿಗಿಟ್ಟು ಕೇಳಿದ.

“ಇಂದವ್ವಾ, ರಸ್ತೆ ಬಾಯಾಗ ಬೋರ್ಡ್ ಹಚ್ಚ್ಯಾರಲ್ಲ, ಅದರಾಗ ದಿನಾ ನಂಬರ್ ಇಳ್ಯಾಕತ್ತೈತಿ. ಇದನ್ನ ಏರ್ಸಾಕ ಏನ್ ಮಾಡಬೇಕು?”

“ನನ್ನ ಕೈಯಾಗ ಏನೂ ಇಲ್ಲ ಮಾಮಾ. ಮಷಿನ್ ಹಾಕ್ತದ, ನಾವು ನೋಡ್ತೀವಿ ಅಷ್ಟ.”

“ನೀ ಅಲ್ಲೇ ಕುಂತಿರ್ತೀಯಲ್ಲ?”

“ಕುಂತಿರ್ತೀನಿ. ಆದ್ರ ಮುಟ್ಟಾಕ ಬರೂದಿಲ್ಲ.”

“ನಾವ ಪಟ್ಟಿ ಹಾಕಿ ರೊಕ್ಕ ಕೂಡಿಸಿ ದುರಸ್ತಿ ಮಾಡಿಸ್ತೀವಿ ಅಂದ್ರ?”

“ಎಳಿ ಇರೋ ರಸ್ತೆ ಯಾರೂ ಅಗೀಬಾರದು. ಕೇಸ್ ಆಗ್ತದ.”

ಕಸ್ತೂರಿ ಒಲೆಯ ಕಡೆಯಿಂದ ಹೇಳಿದಳು. “ಅಕೀನ್ನ ಯಾಕ ಕಾಡ್ತೀರಿ? ಊಟ ಮಾಡ್ಲಿ ಬಿಡ್ರಿ.”

ಬನಶಂಕರಪ್ಪ ಬಟ್ಟಲು ಎಳೆದುಕೊಂಡ. ಆದರೆ ಅವನು ಯೋಚನೆ ಬಿಡಲಿಲ್ಲ. ಗಾಡಿ ಓಡಿದರೆ ಅಂಕ ಏರುತ್ತದೆ ಎಂಬುದನ್ನು ಬಚ್ಚಿಟ್ಟಿರಲಿಲ್ಲ. ಬೋರ್ಡಿನ ಕೆಳಗೇ ಬರೆದಿತ್ತು. ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟುಬಂದವನು ಮನೆಗೆ ಬರದೆ, ಪೂಲು ದಾಟಿ ಹೋಗಿ, ಬಸವನ ಕಟ್ಟೆ ಸುತ್ತಿ, ಮತ್ತೆ ಪೂಲು ದಾಟಿ ಬಂದ. ಹಾಗೇ ಇನ್ನೊಂದು ಸುತ್ತು, ಮತ್ತೊಂದು. ಅದರ ಮಾರನೆಯ ಬೆಳಿಗ್ಗೆ ಅಂಕ ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿದಿತ್ತು.

ಆಮೇಲೆ ಪೇಟೆಯೇ ಎದ್ದಿತು. ಸ್ಕೂಟರ್ ಇದ್ದವರು ಸ್ಕೂಟರ್ ತಂದರು. ಟ್ರ್ಯಾಕ್ಟರ್ ಇದ್ದ ಹೊಲದವರನ್ನು ಕರೆಸಿದರು. ಮದುವೆಯ ದಿಬ್ಬಣಗಳು ಬೇಕೆಂದೇ ಆ ದಾರಿ ಹಿಡಿದವು. ಹೆಂಗಸರು ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ, ಮಾತಾಡುತ್ತ, ನಗುತ್ತ, ಸುತ್ತು ಹೊಡೆದರು. ಇತ್ತ ನೂಲು ಕೊಡುವ ಸಾಹುಕಾರರಿಗೂ ಭಯ ಹತ್ತಿತ್ತು. ರಸ್ತೆ ನಿಂತರೆ ಲಾರಿ ಬರುವುದಿಲ್ಲ, ಅಷ್ಟರೊಳಗೆ ಸೀರೆ ಮುಗಿಸಿ ಕೊಡಿ ಎಂದು ಅವರು ಎಂದಿಗಿಂತ ಹೆಚ್ಚು ನೂಲು ಹೊರಿಸಿದರು. ಶೆಡ್ಡುಗಳಲ್ಲಿ ಮಗ್ಗಗಳು ಎರಡು ಪಾಳಿಯಲ್ಲಿ ಬಡಿಯತೊಡಗಿದವು. ಪೇಟೆಯ ಮಂದಿ ಹಾಗೆ ಒಟ್ಟಾಗಿ ಓಡಾಡಿದ್ದನ್ನು ಇಂದುಮತಿ ಹಿಂದೆಂದೂ ಕಂಡಿರಲಿಲ್ಲ. ಪರದೆಯ ಮೇಲೆ ಅಂಕ ಏರುವುದನ್ನು ನೋಡುತ್ತ ಒಳಗೊಳಗೇ ಖುಷಿಪಟ್ಟಳು.

ಆ ಖುಷಿಯನ್ನು ತಡೆದವನು ಜಿನದತ್ತ.

“ಮೇಡಮ್, ಇಲ್ಲಿ ಒಂಚೂರು ನೋಡ್ರಿ,” ಎಂದು ಅವನು ಹಳ್ಳದ ರಸ್ತೆಯನ್ನು ದೊಡ್ಡದು ಮಾಡಿ ತೋರಿಸಿದ. ಪೂಲಿನ ಪೇಟೆ ಕಡೆಯ ತುದಿಯಲ್ಲಿ, ಕಲ್ಲಿನ ಗೋಡೆಯ ಹಿಂದೆ, ಒಂದು ಕೆಂಪು ಚುಕ್ಕೆ ಮೂಡಿತ್ತು. ನೆಲದೊಳಗೆ ಟೊಳ್ಳು.

ಮರುದಿನ ಚುಕ್ಕೆ ದೊಡ್ಡದಾಗಿತ್ತು. ಆ ವಾರವಿಡೀ ಅದು ಬೆಳೆಯಿತು. ಗಾಡಿಗಳ ಭಾರಕ್ಕೆ ಗೋಡೆಯ ಹಿಂದಿನ ಮಣ್ಣು ಜಾರಿ ಹಳ್ಳಕ್ಕೆ ಇಳಿಯುತ್ತಿದೆ ಎಂದು ಯಂತ್ರ ಅರ್ಥೈಸಿತು. ಓಡಾಟ ಹೀಗೇ ನಡೆದರೆ ಮಳೆಗಾಲದೊಳಗೆ ಪೂಲು ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂದು ಬರೆದು ತೋರಿಸಿತು.

ಇಂದುಮತಿ ಜಿನದತ್ತನನ್ನು ಕರೆದುಕೊಂಡು ಹಳ್ಳಕ್ಕಿಳಿದಳು. ಬೇಸಿಗೆಗೆ ಮುಂಚಿನ ತೆಳ್ಳನೆಯ ನೀರು, ಜಾಲಿ ಮುಳ್ಳು, ಪ್ಲಾಸ್ಟಿಕ್. ಪೂಲಿನ ಅಡಿಯಲ್ಲಿ ಬಗ್ಗಿ ನಿಂತು ಟಾರ್ಚ್ ಹಾಕಿ ನೋಡಿದರು. ಕಲ್ಲುಗಳು ಇದ್ದಲ್ಲೇ ಇದ್ದವು. ಗಾರೆ ಅಲ್ಲಲ್ಲಿ ಉದುರಿತ್ತು, ಹಳೆಯದೆಂದರೆ ಅಷ್ಟು ಉದುರಿರಲೇಬೇಕು. ಟೊಳ್ಳಿರುವುದಾದರೆ ಗೋಡೆಯ ಆಚೆ, ಕಣ್ಣಿಗೆ ಕಾಣದ ಕಡೆ. ತಲೆಯ ಮೇಲೆ ಟ್ರ್ಯಾಕ್ಟರೊಂದು ಹಾಯಿತು. ಸಂದಿಯಿಂದ ಸಣ್ಣಗೆ ಮಣ್ಣು ಸುರಿದು ಇಂದುಮತಿಯ ಹೆಗಲ ಮೇಲೆ ಬಿತ್ತು.

“ಇದು ಯಾವಾಗ್ಲೂ ಉದುರೂದನೋ, ಈಗ ಉದುರಾಕತ್ತಿದ್ದೋ, ಹೆಂಗ ತಿಳೀಬೇಕು?” ಎಂದಳು.

“ಅಗದ ನೋಡಬೇಕ್ರಿ,” ಎಂದ ಜಿನದತ್ತ. “ಅಗ್ಯಾಕ ಬಿಡೂದಿಲ್ಲ.”

ಮೇಲಕ್ಕೆ ಬಂದು ಅವಳು ರಾಜಧಾನಿಯಲ್ಲಿದ್ದ ಪ್ರಾಧಿಕಾರದ ಅಧಿಕಾರಿ ವಾಸುಕಿ ರಾವ್‌ಗೆ ವಿಡಿಯೋ ಕರೆ ಮಾಡಿದಳು. ಆತ ಸೌಮ್ಯ ಸ್ವಭಾವದವನು. ಎಲ್ಲವನ್ನೂ ಕೇಳಿಸಿಕೊಂಡ.

“ಅರ್ಥ ಆಗುತ್ತೆ ಇಂದುಮತಿಯವರೇ. ಆದ್ರೆ ಅಂಕ ಇನ್ನೂ ನಲವತ್ತು ಮುಟ್ಟಿಲ್ಲವಲ್ಲ. ಹಂಚಿಕೆ ದಿನದವರೆಗೆ ಆ ರಸ್ತೆಗೆ ಒಂದು ಗುದ್ದಲಿ ಹಾಕೋಕೂ ಅನುಮತಿ ಕೊಡೋಕ್ಕಾಗಲ್ಲ.”

“ತುರ್ತು ನಿಧಿ ಇದೆಯಲ್ಲ ಸರ್?”

“ಅದು ಕುಸಿತ ಆದಮೇಲೆ.”

“ಆಮೇಲೆ ಏನು ಉಳಿಯುತ್ತೆ?”

ವಾಸುಕಿ ರಾವ್ ಕನ್ನಡಕ ತೆಗೆದು ಮುಖ ಒರೆಸಿಕೊಂಡ. “ನಿಮಗೆ ಒಂದು ಅಧಿಕಾರ ಇದೆ. ಅಪಾಯ ಅನ್ನಿಸಿದ್ರೆ ರಸ್ತೆ ಮುಚ್ಚಬಹುದು. ಆದ್ರೆ ಮುಚ್ಚಿದ ದಿನದಿಂದ ಓಡಾಟ ಸೊನ್ನೆ ಅಂತ ಲೆಕ್ಕ. ಅದು ನಿಮಗೆ ಗೊತ್ತು.”

ಅದು ಅವಳಿಗೆ ಗೊತ್ತಿತ್ತು. ಮುಚ್ಚಿದರೆ ಅಂಕ ಬೀಳುತ್ತದೆ, ರಸ್ತೆ ವಿಶ್ರಾಂತಕ್ಕೆ ಹೋಗುತ್ತದೆ, ಪೂಲನ್ನು ಇನ್ನೆಂದೂ ಯಾರೂ ದುರಸ್ತಿ ಮಾಡುವುದಿಲ್ಲ. ಮುಚ್ಚದಿದ್ದರೆ ಜನ ಸುತ್ತುತ್ತಲೇ ಇರುತ್ತಾರೆ, ಹಂಚಿಕೆ ದಿನದ ಮೊದಲೇ ಅದು ಅವರನ್ನೂ ಕರೆದುಕೊಂಡು ಹಳ್ಳಕ್ಕೆ ಬೀಳಬಹುದು. ನಲವತ್ತು ದಾಟಿಸಲು ಬೇಕಾದ ಓಡಾಟವೇ ಪೂಲನ್ನು ಕೊಲ್ಲುತ್ತಿತ್ತು.

ಅವಳು ಅಕ್ಕನ ಮನೆಗೆ ಹೋದಳು. ಹಿಂದೆ ಮಗ್ಗಗಳ ಬಡಿತ. ಮಾತು ಕೇಳಬೇಕೆಂದರೆ ಕೂಗಬೇಕಿತ್ತು. ಕಸ್ತೂರಿ ಬಾಗಿಲು ಹಾಕಿ ಬಂದಳು.

“ಭಾರದ ಗಾಡಿ ನಿಲ್ಲಸ್ರಿ ಮಾಮಾ,” ಎಂದಳು ಇಂದುಮತಿ. “ಟ್ರ್ಯಾಕ್ಟರ್ ಬ್ಯಾಡ. ಟಂಟಂದಾಗ ಮಕ್ಕಳನ್ನ ತುಂಬಿಕೊಂಡು ಆ ಪೂಲ ದಾಟಬ್ಯಾಡ್ರಿ.”

“ನಿಲ್ಲಿಸಿದ್ರ ರಸ್ತೆ ಉಳೀತದೇನು?”

ಇಂದುಮತಿ ಮುಚ್ಚಿದ ಬಾಗಿಲ ಕಡೆ ನೋಡಿದಳು.

“ಹೇಳು ಮತ್ತ. ಮೂವತ್ತೊಂಬತ್ತಕ್ಕ ಬಂದೈತಿ. ಇನ್ನೊಂದ ಆದ್ರ ಮುಗೀತು. ಆಮ್ಯಾಗ ನೀವ ಬಂದು ಪೂಲ ಕಟ್ತೀರಿ.”

“ಅಲ್ಲೀ ಮಟ ಅದು ನಿಂದರಬೇಕಲ್ಲ.”

“ನಮ್ಮಜ್ಜನ ಕಾಲದಿಂದ ನಿಂತೈತಿ, ಇನ್ನ ಸ್ವಲ್ಪ ದಿವಸ ನಿಂದರೂದಿಲ್ಲೇನು?”

ಆದರೂ ನಾದಿನಿಯ ಮಾತು ತೆಗೆದುಹಾಕಬಾರದೆಂದು ಅವನು ಟ್ರ್ಯಾಕ್ಟರಿನವರಿಗೆ ಬರಬೇಡಿ ಎಂದ. ಮರುದಿನ ಅಂಕ ಮೂವತ್ತೇಳಕ್ಕೆ ಜಾರಿತು. ಪೇಟೆಯವರು ಬನಶಂಕರಪ್ಪನ ಮೇಲೆ ಹರಿಹಾಯ್ದರು. ಟ್ರ್ಯಾಕ್ಟರುಗಳು ಮರಳಿ ಬಂದವು, ಅಂಕ ಮತ್ತೆ ಏರತೊಡಗಿತು.

ಹಂಚಿಕೆ ದಿನಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆ ಇಂದುಮತಿ ಕೋಣೆಗೆ ಬಂದಾಗ ಚುಕ್ಕೆ ಗೋಡೆಯ ಉದ್ದಕ್ಕೂ ಹಬ್ಬಿತ್ತು. ಯಂತ್ರದ ಎಚ್ಚರಿಕೆ ಹಳದಿ ಅಕ್ಷರ ಬಿಟ್ಟು ಕೆಂಪು ಅಕ್ಷರಕ್ಕೆ ಹೊರಳಿತ್ತು. ಅದೇ ಹೊತ್ತಿಗೆ ಪರದೆಯ ಮೇಲೆ ಒಂದು ಸಣ್ಣ ಗುರುತು ಪೂಲಿನ ಕಡೆ ಸರಿಯುತ್ತಿತ್ತು. ಮೂರು ಗಾಲಿ, ತುಂಬಿದ ಭಾರ. ಶಾಲೆಯ ಸಮಯ. ಅದು ಯಾರ ಗಾಡಿಯೆಂದು ಅವಳಿಗೆ ಯಂತ್ರ ಹೇಳಬೇಕಾಗಿರಲಿಲ್ಲ. ಗುರುತು ಕೆಂಪಿನ ಮೇಲೆ ಹಾದು ಆಚೆ ಹೋಗುವವರೆಗೆ ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು. ಆಮೇಲೆ ಕುಳಿತು ಆದೇಶಕ್ಕೆ ಸಹಿ ಹಾಕಿದಳು.

ಮಧ್ಯಾಹ್ನ ಕ್ರೇನು ಬಂದು ಪೂಲಿನ ಎರಡೂ ಬಾಯಿಗೆ ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿತು. ಪೇಟೆಯ ಜನ ಸೇರಿದರು. ಪೊಲೀಸರೂ ಬಂದಿದ್ದರು, ಆದರೆ ಯಾರೂ ಕಲ್ಲು ಎತ್ತಲಿಲ್ಲ. ಬನಶಂಕರಪ್ಪ ಮುಂದೆ ಬಂದ.

“ಎಲ್ಲೈತಿ ತೋರಿಸು,” ಎಂದ. “ಎಲ್ಲಿ ಬಿದ್ದೈತಿ? ಒಂದ ಬಿರುಕು ತೋರಿಸು ಇಂದವ್ವಾ, ನಾ ಮನಿಗೆ ಹೋಗ್ತೀನಿ.”

“ಹೊರಗ ಕಾಣೂದಿಲ್ಲ ಮಾಮಾ. ಒಳಗೈತಿ.”

“ಒಳಗೈತಿ ಅಂತ ಯಾರ ಹೇಳ್ಯಾರ?”

“ಮಷಿನ್.”

“ಮಷಿನ್,” ಎಂದ ಅವನು. ಹಿಂದಿರುಗಿ ಜನರನ್ನು ನೋಡಿದ. ಗುಂಪಿನ ಅಂಚಿನಲ್ಲಿ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇಂದುಮತಿ ಅವಳ ಕಡೆ ನಡೆದಾಗ ಅವಳು ಮನೆಯ ದಾರಿ ಹಿಡಿದು ಹೊರಟುಹೋದಳು.

ಸೋಮವಾರ ಹಂಚಿಕೆ ಆಯಿತು. ಹಳ್ಳದ ರಸ್ತೆ ವಿಶ್ರಾಂತಕ್ಕೆ ಸೇರಿತು.

ಪೇಟೆ ಒಮ್ಮೆಲೇ ಖಾಲಿಯಾಗಲಿಲ್ಲ. ಮೊದಲು ನೂಲಿನ ಲಾರಿ ನಿಂತಿತು. ಬೈಕಿನ ಮೇಲೆ ಗಂಟು ಕಟ್ಟಿಕೊಂಡು ತಂದರು. ರೈಲು ಗೇಟಿನ ಮುಂದೆ ಕಾಯುವುದನ್ನು ಕಲಿತರು. ಹೆರಿಗೆಗೆ ಹೊರಟ ಒಬ್ಬಳು ಗೇಟಿನ ಹತ್ತಿರವೇ ಆಟೋದಲ್ಲಿ ಹೆತ್ತಳು. ತಾಯಿ ಮಗು ಉಳಿದವು, ಜನ ಅದನ್ನು ಹೇಳಿಕೊಂಡು ನಕ್ಕರು ಕೂಡ. ಆದರೆ ಮಳೆಗಾಲ ಬಂದು ಗೇಟಿನ ಕಡೆಯ ದಾರಿಯ ಹೊಂಡಗಳಲ್ಲಿ ನೀರು ನಿಂತಮೇಲೆ ಸಾಹುಕಾರರು ನೂಲು ಕೊಡುವುದನ್ನು ಬಿಟ್ಟರು. ಒಬ್ಬೊಬ್ಬರಾಗಿ ಮಗ್ಗ ಬಿಚ್ಚಿದರು. ಕೆಲವರು ಬೇರೆ ಊರಿಗೆ ಒಯ್ದರು. ಹೆಚ್ಚಿನವು ಗುಜರಿಗೆ ಹೋದವು. ಕಸ್ತೂರಿಯ ಎರಡೂ ಮಗ್ಗ ದೀಪಾವಳಿಯ ಮುಂದೆ ಹೋದವು. ಟಂಟಂ ಅದಕ್ಕೂ ಮೊದಲೇ ಹೋಗಿತ್ತು. ಗಂಡಹೆಂಡತಿ ಬೈಪಾಸ್ ಪಕ್ಕದ ಬಾಡಿಗೆ ಕೋಣೆಗೆ ಬಂದರು. ಬನಶಂಕರಪ್ಪ ಅಲ್ಲಿನ ಗೋದಾಮಿನಲ್ಲಿ ವಾಚ್‌ಮನ್ ಆದ. ಕಸ್ತೂರಿ ಬೇರೆಯವರು ನೇಯ್ದ ಸೀರೆಗಳಿಗೆ ಕುಚ್ಚು ಕಟ್ಟಿಕೊಡತೊಡಗಿದಳು.

ಪೂಲು ಬೀಳಲಿಲ್ಲ. ಹಳ್ಳ ಎರಡು ಸಲ ತುಂಬಿ ಹರಿಯಿತು, ಆಗಲೂ ಬೀಳಲಿಲ್ಲ. ಓಡಾಟ ನಿಂತದ್ದರಿಂದಲೇ ಅದು ಉಳಿದಿದೆ ಎಂದು ಇಂದುಮತಿ ತನಗೆ ತಾನೇ ಹೇಳಿಕೊಂಡಳು. ಇಷ್ಟು ಕಾಲ ಅಕ್ಕನ ಮನೆಯಿಂದ ಒಂದು ಫೋನೂ ಬಂದಿರಲಿಲ್ಲ. ಯುಗಾದಿ, ಪಂಚಮಿ, ದೀಪಾವಳಿ, ಯಾವುದಕ್ಕೂ.

ಚಳಿಗಾಲದಲ್ಲಿ ದೂರದ ತಾಲ್ಲೂಕಿನ ಒಂದು ಊರಲ್ಲಿ ಸೇತುವೆಯೊಂದು ಕುಸಿಯಿತು. ಅಲ್ಲಿನ ಎಂಜಿನಿಯರ್ ಎಚ್ಚರಿಕೆ ಬಂದರೂ ರಸ್ತೆ ಮುಚ್ಚಿರಲಿಲ್ಲ. ಮಕ್ಕಳ ವ್ಯಾನು ನೀರಿಗೆ ಬಿದ್ದಿತು. ಟಿವಿಯಲ್ಲಿ ದಿನವಿಡೀ ಅದನ್ನೇ ತೋರಿಸಿದರು. ಆ ಸಂಜೆ ಇಂದುಮತಿಯ ಮನೆಯ ಬಾಗಿಲು ಯಾರೋ ಬಡಿದರು. ತೆರೆದರೆ ಬನಶಂಕರಪ್ಪ. ಗೋದಾಮಿನ ಖಾಕಿ ಅಂಗಿಯಲ್ಲೇ ಬಂದಿದ್ದ.

“ಟಿವಿ ನೋಡಿದೆ,” ಎಂದ. ಒಳಗೆ ಬಂದು ಕುರ್ಚಿಯ ತುದಿಗೆ ಕುಳಿತ. “ಹನ್ನೊಂದ ಮಕ್ಕಳನ್ನ ಹೇರಿಕೊಂಡು ಹೋಗ್ತಿದ್ದೆ ನಾನು. ದಿನಾ ಹೋಗ್ತಿದ್ದೆ. ನೀ ಬ್ಯಾಡ ಅಂದ್ರೂ ಹೋಗ್ತಿದ್ದೆ.” ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಇಂದುಮತಿಯ ಗಂಡ ನೀರು ತಂದುಕೊಟ್ಟ. ಅವಳೂ ಅತ್ತಳು. ಅಷ್ಟು ತಿಂಗಳ ಮೇಲೆ ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಮರುವಾರವೇ ಕಸ್ತೂರಿ ಫೋನು ಮಾಡಿ, ಶೇಂಗಾ ಹೋಳಿಗೆ ಮಾಡೀನಿ, ಬಂದು ಒಯ್ಯಿ ಎಂದಳು.

ವಿಶ್ರಾಂತ ರಸ್ತೆಗಳ ದಾಖಲೆಯನ್ನು ಯಾರೂ ತೆರೆದು ನೋಡುವುದಿಲ್ಲ, ಎಳೆಯನ್ನು ಒಂದು ವರ್ಷದ ನಂತರ ಕಿತ್ತು ಬೇರೆಡೆ ಬಳಸುತ್ತಾರೆ. ಕೀಳುವ ಮೊದಲು ಕೊನೆಯ ವರದಿ ತೆಗೆಯಬೇಕು. ಮಾರ್ಚಿನಲ್ಲಿ ಇಂದುಮತಿ ಹಳ್ಳದ ರಸ್ತೆಯ ವರದಿ ತೆಗೆದಳು. ಪೂಲಿನ ಗೋಡೆಯ ಹಿಂದೆ ಕೆಂಪು ಇರಲಿಲ್ಲ.

ಅವಳು ಜಿನದತ್ತನನ್ನು ಕರೆದಳು. ಇಬ್ಬರೂ ಹಿಂದಿನ ತಿಂಗಳುಗಳನ್ನು ತಿರುವಿ ನೋಡಿದರು. ಟೊಳ್ಳು ಒಮ್ಮೆಲೇ ಮಾಯವಾಗಿರಲಿಲ್ಲ. ಮಳೆಗಾಲದಿಂದ ಮೆಲ್ಲಮೆಲ್ಲಗೆ, ಮೆಟ್ಟಿಲು ಇಳಿದಂತೆ ಕಡಿಮೆಯಾಗುತ್ತ ಬಂದಿತ್ತು. ದೀಪಾವಳಿಯ ಹೊತ್ತಿಗೆ ಚುಕ್ಕೆ ಮಾತ್ರ ಉಳಿದಿತ್ತು.

“ನೆಲದಾಗಿನ ಟೊಳ್ಳು ತಾನಾಗೇ ತುಂಬಿಕೊಳ್ಳೂದಿಲ್ರಿ,” ಎಂದ ಜಿನದತ್ತ.

“ಇಲ್ಲ.”

“ಮತ್ತ?”

ದೀಪಾವಳಿಯ ಮುಂದೆ ಪೇಟೆಯಿಂದ ಏನು ಹೋಗಿತ್ತೆಂಬುದು ಇಂದುಮತಿಗೆ ನೆನಪಾಯಿತು. ಆಮೇಲೆ, ರಸ್ತೆ ಮುಚ್ಚುವ ಮುಂಚಿನ ವಾರದ ಅದುರನ್ನು ತೆಗೆಯಲು ಹೇಳಿದಳು. ಯಂತ್ರ ತೋರಿಸುವ ದಿನದ ಸರಾಸರಿ ಬೇಡ, ಗಳಿಗೆ ಗಳಿಗೆಯದು ಬೇಕು ಎಂದಳು. ಪಕ್ಕದಲ್ಲಿ ವಿದ್ಯುತ್ ಕಂಪನಿಯ ದಾಖಲೆ ತೆರೆದು, ಆ ವಾರ ನೇಕಾರ ಪೇಟೆಯಲ್ಲಿ ಯಾವ ಹೊತ್ತಿಗೆ ಕರೆಂಟು ಹೋಗಿತ್ತೆಂದು ನೋಡಿದಳು. ಕರೆಂಟು ಹೋದಾಗಲೆಲ್ಲ ಟೊಳ್ಳೂ ಹೋಗಿತ್ತು. ಕರೆಂಟು ಬಂದೊಡನೆ ಟೊಳ್ಳು ಮರಳಿತ್ತು.

ಅದು ಮಗ್ಗಗಳ ಬಡಿತ. ದಂಡೆಯ ಮೇಲಿನ ಶೆಡ್ಡುಗಳಲ್ಲಿ ಮಗ್ಗಗಳೆಲ್ಲ ಒಟ್ಟಿಗೆ, ಎರಡು ಪಾಳಿಯಲ್ಲಿ ಬಡಿದಾಗ ಆ ಅದುರು ನೆಲದಲ್ಲಿ ಹರಿದು, ಪೂಲಿನ ಕಲ್ಲಿನ ಗೋಡೆಗೆ ತಾಗಿ ಮರಳುತ್ತಿತ್ತು. ಯಂತ್ರಕ್ಕೆ ಅದು ಟೊಳ್ಳಿನ ಸದ್ದಿನಂತೆಯೇ ಕೇಳಿಸಿತ್ತು. ನೂಲು ಹೆಚ್ಚಿದಷ್ಟೂ ಮಗ್ಗ ಹೆಚ್ಚು ಹೊತ್ತು ನಡೆದವು, ಟೊಳ್ಳು ಬೆಳೆಯಿತು. ಪೇಟೆಯವರು ಒಬ್ಬೊಬ್ಬರಾಗಿ ಮಗ್ಗ ಬಿಚ್ಚಿಕೊಂಡು ಹೋದಂತೆ ಟೊಳ್ಳು ತುಂಬಿತು. ಗೋಡೆಯ ಹಿಂದೆ ಇದ್ದದ್ದು ಗಟ್ಟಿ ಮಣ್ಣು. ಮೊದಲಿನಿಂದಲೂ ಅಷ್ಟೇ.

ಜಿನದತ್ತ ಅವಳಿಗೆ ಚಹಾ ತರಲು ಕೆಳಗಿಳಿದ.

ವಾಸುಕಿ ರಾವ್ ಎರಡು ದಿನ ತೆಗೆದುಕೊಂಡು ಪರೀಕ್ಷಿಸಿ, ತಾನೇ ಕರೆ ಮಾಡಿದ.

“ನೀವು ಹೇಳಿದ್ದು ಸರಿ. ಮಗ್ಗದ ಲಯವನ್ನ ಯಂತ್ರಕ್ಕೆ ಕಲಿಸಿದ್ದೇವೆ. ಇನ್ನು ಬೇರೆ ಯಾವ ಊರಲ್ಲೂ ಈ ತಪ್ಪು ಆಗಲ್ಲ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

“ನಮ್ಮ ರಸ್ತೆ ಸರ್?”

“ಅದು…” ಆತ ತಡವರಿಸಿದ. “ರಸ್ತೆ ತೆರೀಬಹುದು. ದಿಮ್ಮಿ ತೆಗೆಸಿ. ಆದ್ರೆ ನಿಧಿಗೆ ಸೇರಬೇಕು ಅಂದ್ರೆ ಓಡಾಟ ಇರಬೇಕು. ಈಗ ಅಲ್ಲಿ ಎಷ್ಟು ಮನೆ ಇವೆ?”

“ಒಂದಿಷ್ಟು ಮುದುಕರು ಇದ್ದಾರೆ.”

“ನನ್ನ ಕೈಲಿದ್ದಿದ್ರೆ…” ಎಂದು ಆತ ನಿಲ್ಲಿಸಿದ. ಆ ಮಾತನ್ನು ಅವಳೇ ಎಷ್ಟೋ ಜನರಿಗೆ ಹೇಳಿದ್ದಳು. ಆತ ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕ್ರೇನು ತರಿಸಿ ದಿಮ್ಮಿ ತೆಗೆಸಿದಳು. ರಸ್ತೆ ತೆರೆದುಕೊಂಡಿತು. ಎಳೆ ಕೀಳುವ ದಿನದವರೆಗೆ ಪರದೆಯ ಮೇಲೆ ಆ ಗೆರೆಯನ್ನು ನೋಡುತ್ತಿದ್ದಳು. ಒಂದು ದಿನ ಎಮ್ಮೆಗಳು ದಾಟಿದವು. ಇನ್ನೊಂದು ದಿನ ಒಂದು ಸೈಕಲ್ಲು.

ಅಕ್ಕನಿಗೆ ಹೇಳದೆ ಇರಲು ಅವಳಿಂದ ಆಗಲಿಲ್ಲ. ಬೈಪಾಸ್ ಪಕ್ಕದ ಕೋಣೆಗೆ ಹೋದಾಗ ಕಸ್ತೂರಿ ಒಬ್ಬಳೇ ಇದ್ದಳು. ಗೋಡೆಗೆ ಮೊಳೆ ಹೊಡೆದು, ಸೀರೆಯ ಸೆರಗು ಸಿಕ್ಕಿಸಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಇಂದುಮತಿ ನೆಲದ ಮೇಲೆ ಕುಳಿತು, ಮಗ್ಗ, ಕರೆಂಟು, ಗೋಡೆಯ ಹಿಂದಿನ ಗಟ್ಟಿ ಮಣ್ಣು, ಎಲ್ಲವನ್ನೂ ಹೇಳಿದಳು. ಕಸ್ತೂರಿಯ ಬೆರಳುಗಳು ನಡುವೆ ಎಲ್ಲೋ ನಿಂತವು.

“ಅಂದ್ರ ಪೂಲಿಗೆ ಏನೂ ಆಗಿರಲಿಲ್ಲ.”

“ಇಲ್ಲಕ್ಕಾ.”

“ಸೋಮವಾರದ ತನಕಾ ತಡದಿದ್ರ?”

“ನಲವತ್ತು ದಾಟತಿತ್ತು.”

ಕಸ್ತೂರಿ ಸೀರೆಯನ್ನು ಮೊಳೆಯಿಂದ ಬಿಡಿಸಿ, ಮಡಚಿ, ಬದಿಗಿಟ್ಟಳು. ಬೈಯುತ್ತಾಳೆ ಎಂದು ಇಂದುಮತಿ ಕಾದಳು. ಬೈದರೆ ಒಳ್ಳೆಯದಿತ್ತು.

“ಇದನ್ನ ನಿಮ್ಮ ಮಾಮಾಗ ಹೇಳಬ್ಯಾಡ,” ಎಂದಳು ಕಸ್ತೂರಿ. “ಅವರು ಊಟ ಮಾಡಿ ನಿದ್ದಿ ಮಾಡಾಕತ್ತಿದ್ದು ಆ ಟಿವಿ ನೋಡಿದ ಮ್ಯಾಲ. ಟಂಟಂ ಹೋತು, ಮಗ್ಗ ಹೋದ್ವು, ಹೋಗ್ಲಿ, ಹನ್ನೊಂದ ಮಕ್ಕಳು ಉಳದಾವ ಅಂತ ಎಲ್ಲಾರ ಮುಂದ ಹೇಳ್ತಾರ. ಅದೊಂದ ಐತಿ ಅವರ ಕಡೆ. ಅದನ್ನೂ ಕಸಗೋಬ್ಯಾಡ.”

“ಎಂದಾದ್ರೂ ಗೊತ್ತಾಗ್ತದಲ್ಲಕ್ಕಾ.”

“ಗೊತ್ತಾದಾಗ ಗೊತ್ತಾಗ್ಲಿ. ನೀ ಹೇಳಬ್ಯಾಡ.”

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಬನಶಂಕರಪ್ಪ ಪಾಳಿ ಮುಗಿಸಿ ಬಂದಿದ್ದ. ಕೈಯಲ್ಲಿ ಎಣ್ಣೆ ಒಸರಿದ ಕಾಗದದ ಪೊಟ್ಟಣ, ಜೊತೆಗೆ ಗೋದಾಮಿನ ಇನ್ನೊಬ್ಬ ವಾಚ್‌ಮನ್. ಇಂದುಮತಿಯನ್ನು ಕಂಡು ಅವನ ಮುಖ ಅರಳಿತು.

“ಬಾರೋ, ಒಳಗ ಬಾ,” ಎಂದು ಗೆಳೆಯನನ್ನು ಎಳೆದು ತಂದ. “ನಾ ಹೇಳ್ತಿದ್ನಲ್ಲಾ, ಇಕೀನ ನಮ್ಮ ಇಂದವ್ವ. ಎಂಜಿನಿಯರ್. ಪ್ಯಾಟಿ ಮಂದಿ ಎಲ್ಲಾ ನಿಂತು ಬೈದ್ರೂ ಹಿಂದ ಸರೀಲಿಲ್ಲ. ನಾನೂ ಬೈದೀನಿ ಖರೇ. ಆದ್ರ ಇಕೀ ಇರಲಿಲ್ಲಂದ್ರ ಇವತ್ತ ನಾನೂ ಇರ್ತಿರಲಿಲ್ಲ, ಆ ಮಕ್ಕಳೂ ಇರ್ತಿರಲಿಲ್ಲ.”

ಗೆಳೆಯ ಕೈಮುಗಿದ. ಕಸ್ತೂರಿ ತಟ್ಟೆಗಳನ್ನು ಇಟ್ಟಳು. ಬನಶಂಕರಪ್ಪ ಪೊಟ್ಟಣ ಬಿಚ್ಚಿ, ಬಿಸಿ ಮಿರ್ಚಿ ಭಜಿಯನ್ನು ಮೊದಲು ಇಂದುಮತಿಯ ತಟ್ಟೆಗೆ ಹಾಕಿದ.

“ಆ ಪೂಲ ಈಗ ಬಿದ್ದೈತೇನ್ರಿ ಮೇಡಮ್ಮರ?” ಎಂದು ಕೇಳಿದ ಗೆಳೆಯ.

ಇಂದುಮತಿ ಅಕ್ಕನ ಕಡೆ ನೋಡಿದಳು. ಕಸ್ತೂರಿ ತಲೆ ತಗ್ಗಿಸಿ ಲೋಟಕ್ಕೆ ನೀರು ಸುರಿಯುತ್ತಿದ್ದಳು.

“ಇನ್ನೂ ಇಲ್ರಿ,” ಎಂದಳು ಇಂದುಮತಿ.

“ಬೀಳ್ತೈತಿ, ಬೀಳ್ತೈತಿ,” ಎಂದ ಬನಶಂಕರಪ್ಪ, ತುಂಬು ಭರವಸೆಯಿಂದ. “ನಮ್ಮ ಇಂದವ್ವ ಹೇಳಿದ ಮ್ಯಾಲ ಬಿದ್ದಾ ಬೀಳ್ತೈತಿ. ತಿನ್ನವ್ವಾ, ಆರಿಹೋಗ್ತಾವ.”

ಅವಳು ಒಂದು ಮಿರ್ಚಿ ಎತ್ತಿಕೊಂಡು ತಿನ್ನತೊಡಗಿದಳು.